ಸತ್ತವರ ಹೆಸರಿನ ಪಹಣಿ

ತೀರಿಕೊಂಡವರು ಬರೆದಿಟ್ಟ ಉಯಿಲು ಅವರದೇ, ಅದನ್ನು ಜಾರಿ ಮಾಡಲು ಅವರು ನೇಮಿಸಿದ ನಿರ್ವಾಹಕ ಇಂಥವನೇ ಎಂದು ಜಿಲ್ಲಾ ನ್ಯಾಯಾಧೀಶರು ಮೊಹರು ಹಾಕಿ ಕೊಡುವ ಪತ್ರಕ್ಕೆ ಪ್ರೊಬೇಟ್ ಎನ್ನುತ್ತಾರೆ. ಹಿಂದೂಗಳ ಉಯಿಲಿಗೆ ಇದು ಎಲ್ಲ ಕಡೆಯೂ ಕಡ್ಡಾಯವಾಗಿರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 57 ಮತ್ತು 213ನೇ ಕಲಂಗಳನ್ನು ಕೂಡಿಸಿ ಓದಿದರೆ, ಹಳೆಯ ಬಂಗಾಳ ಪ್ರಾಂತ್ಯ ಹಾಗೂ ಮದ್ರಾಸ್, ಬೊಂಬಾಯಿ ನಗರಗಳ ಹೈಕೋರ್ಟುಗಳ ಮೂಲ ಸಿವಿಲ್ ವ್ಯಾಪ್ತಿಯೊಳಗೆ ಬರೆದ ಉಯಿಲುಗಳಿಗೆ ಮತ್ತು ಅಲ್ಲಿನ ಸ್ಥಿರಾಸ್ತಿಯ ಉಯಿಲುಗಳಿಗೆ ಮಾತ್ರ ಆ ಕಟ್ಟು ಇತ್ತು. ಈಗಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆದರೆ ಮದ್ರಾಸ್ ಪ್ರಾಂತ್ಯ ಬೇರೆ, ಮದ್ರಾಸ್ ನಗರ ಬೇರೆ. ಹಾಗಾಗಿ ಈ ಸೀಮೆಯ ಹಗರಿ ಹಳ್ಳದ ಆಚೀಚೆಯ ಹೊಲಗಳಿಗೆ ಪ್ರೊಬೇಟ್ ಆಗಲೂ ಕಡ್ಡಾಯವಾಗಿರಲಿಲ್ಲ, ಈಗಲೂ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ರದ್ದತಿ ಮತ್ತು ತಿದ್ದುಪಡಿ ಕಾಯ್ದೆಯ ಮೂಲಕ 213ನೇ ಕಲಮನ್ನೇ ತೆಗೆದುಹಾಕಿದ್ದರಿಂದ ಮುಂಬೈ, ಚೆನ್ನೈಗಳಲ್ಲಿಯೂ ಆ ಕಡ್ಡಾಯ ಹೋಯಿತು.

ಇಲ್ಲಿ ಸಾವಿನ ನಂತರದ ನಿಜವಾದ ಓಡಾಟ ನಡೆಯುವುದು ನಾಡಕಚೇರಿ, ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿ ಮತ್ತು ಬ್ಯಾಂಕುಗಳಲ್ಲಿ. ಕೋರ್ಟಿನ ಮೆಟ್ಟಿಲು ಹತ್ತುವುದು ಇವುಗಳಲ್ಲಿ ಯಾವುದಾದರೂ ಒಂದು ಕಡೆ ಗಂಟು ಬಿದ್ದಾಗ. ಗಂಟು ಬೀಳಲು ಮುಖ್ಯ ಕಾರಣ ಒಂದೇ: ಸತ್ತವರ ಹೆಸರನ್ನು ಪಹಣಿಯಲ್ಲಿ ವರ್ಷಗಟ್ಟಲೆ, ಕೆಲವೊಮ್ಮೆ ಎರಡು ತಲೆಮಾರು, ಹಾಗೆಯೇ ಬಿಟ್ಟಿರುವುದು.

ಮರಣ ನೋಂದಣಿ

ಎಲ್ಲ ಅರ್ಜಿಗಳಿಗೂ ಮೊದಲ ಲಗತ್ತು ಮರಣ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನಗಳೊಳಗೆ ತಿಳಿಸಬೇಕು. ಅದು ದಾಟಿದರೂ 30 ದಿನಗಳೊಳಗಾದರೆ ತಡದ ಶುಲ್ಕ ಸಾಕು. ಒಂದು ವರ್ಷದೊಳಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿತೆಂದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಮೊದಲು ಈ ಆದೇಶ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರದಾಗಿತ್ತು. 2023ರ ತಿದ್ದುಪಡಿ ಜಾರಿಗೆ ಬಂದ ಮೇಲೆ ಅದು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕೆಲಸವಾಗಿದೆ. ಊರಿನ ಮನೆಯಲ್ಲಿ ತೀರಿಕೊಂಡ ಅಜ್ಜಂದಿರ ಸಾವು ನೋಂದಣಿಯಾಗದೇ ಉಳಿದಿರುವುದು ಸಾಮಾನ್ಯ. ಮಣ್ಣು ಮಾಡಿ, ದಿನಗಳು ಮುಗಿದ ಮೇಲೆ ಕಾಗದದ ನೆನಪು ಯಾರಿಗೂ ಬರುವುದಿಲ್ಲ.

ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ, ಸತ್ತವರ ಊರಿನಲ್ಲಲ್ಲ. ಹರಪನಹಳ್ಳಿಯವರು ದಾವಣಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ದಾಖಲೆ ದಾವಣಗೆರೆಯಲ್ಲಿ, ಕೂಡ್ಲಿಗಿಯವರು ಬಳ್ಳಾರಿಯಲ್ಲಿ ತೀರಿಕೊಂಡರೆ ಬಳ್ಳಾರಿಯಲ್ಲಿ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ, ಮಂಡ್ಯದ ಕಡೆ ಕಬ್ಬು ಕಡಿಯಲು ಗುಳೆ ಹೋದವರ ವಿಷಯದಲ್ಲಿಯೂ ಇದೇ ನಿಯಮ.

ಹೆಸರು ಬರೆಸುವಾಗಿನ ಅಸಡ್ಡೆ ಮುಂದೆ ಬಹಳ ಕಾಡುತ್ತದೆ. ಕೊಟ್ಟೂರೇಶ್ವರನ ಹೆಸರು ಮನೆಮನೆಯಲ್ಲಿರುವ ಈ ಸೀಮೆಯಲ್ಲಿ ಒಬ್ಬನೇ ಮನುಷ್ಯ ಪಹಣಿಯಲ್ಲಿ ಕೊಟ್ರಪ್ಪ, ಆಧಾರ್‌ನಲ್ಲಿ ಕೊಟ್ರೇಶಪ್ಪ, ಸೊಸೈಟಿ ಸಾಲದ ಪುಸ್ತಕದಲ್ಲಿ ಕೊಟ್ರಬಸಪ್ಪ ಆಗಿರಬಲ್ಲ. ಮರಣ ಪ್ರಮಾಣಪತ್ರದಲ್ಲಿ ನಾಲ್ಕನೆಯ ರೂಪವೊಂದು ಸೇರಿಕೊಂಡರೆ ನಾಲ್ವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ ತೋರಿಸುತ್ತ ಹೋಗಬೇಕು. ನೋಂದಣಿಯ ವೇಳೆ ಪಹಣಿಯ ಮತ್ತು ಆಧಾರ್‌ನ ನಕಲು ಎರಡನ್ನೂ ಮುಂದಿಟ್ಟು, ಹೆಸರಿನ ಮುಂದೆ ‘ಉರುಫ್’ ಹಾಕಿಸಿಕೊಳ್ಳುವುದು ಸುಲಭದ ದಾರಿ.

ವಂಶವೃಕ್ಷ

ಎರಡನೆಯ ಕಾಗದ ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಗ್ರಾಮ ಲೆಕ್ಕಿಗರು, ಅಂದರೆ ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು, ಸ್ಥಳದಲ್ಲಿ ವಿಚಾರಿಸಿ ದೃಢೀಕರಿಸುತ್ತಾರೆ. ಗುಡೇಕೋಟೆ, ಹಂಪಸಾಗರ, ಇಟ್ಟಿಗಿ, ಚಿಗಟೇರಿಯಂಥ ಹೋಬಳಿ ಕೇಂದ್ರಗಳ ನಾಡಕಚೇರಿಗಳ ಮುಂದೆ ದಿನವೂ ಕಾಣುವ ಅರ್ಜಿಗಳಲ್ಲಿ ಇದೂ ಒಂದು. ಅರ್ಜಿದಾರರು ನೋಟರಿಯ ಮುಂದೆ ಪ್ರಮಾಣ ಮಾಡಿ ಕೊಟ್ಟ ಕುಟುಂಬದ ವಿವರವೇ ಇದರ ಬುನಾದಿ. ಆದ್ದರಿಂದಲೇ ಇದು ದುರುಪಯೋಗವಾಗುವುದೂ ಹೆಚ್ಚು. ಮದುವೆಯಾಗಿ ಹೋದ ಮಗಳನ್ನು ‘ಕೊಟ್ಟ ಹೆಣ್ಣು’ ಎಂದು ಬಿಡುವುದು, ಮೊದಲ ಹೆಂಡತಿಯ ಮಕ್ಕಳನ್ನು ಮರೆಯುವುದು, ತೀರಿಹೋದ ಅಣ್ಣನ ವಿಧವೆಯನ್ನು ಕಾಣದವರಂತೆ ಬರೆಯುವುದು ನಡೆದೇ ಇದೆ. ವಂಶವೃಕ್ಷದಿಂದ ಯಾರಿಗೂ ಹಕ್ಕು ಹುಟ್ಟುವುದಿಲ್ಲ, ಅದರಲ್ಲಿ ಹೆಸರಿಲ್ಲದವರ ಹಕ್ಕು ಹೋಗುವುದೂ ಇಲ್ಲ. ಆದರೆ ಸುಳ್ಳು ಪ್ರಮಾಣದ ಹೊಣೆ ಬರೆಸಿದವರ ಮೇಲೆ ಉಳಿಯುತ್ತದೆ, ಅದರ ಆಧಾರದ ಮೇಲೆ ಆದ ಖಾತೆ, ಮಾರಾಟ, ಸಾಲ ಎಲ್ಲವೂ ಅಲುಗಾಡುತ್ತವೆ.

ಬ್ಯಾಂಕು, ಪಿಂಚಣಿಗಳ ಕೆಲಸಕ್ಕೆ ಕೇಳುವ ಜೀವಂತ ಕುಟುಂಬ ಸದಸ್ಯರ ದೃಢೀಕರಣ ಪತ್ರವೂ ನಾಡಕಚೇರಿಯಲ್ಲೇ ಸಿಗುತ್ತದೆ. ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕಿದರೆ ಒಂದು ಓಡಾಟ ಉಳಿಯುತ್ತದೆ.

ವಾರಸುದಾರರು ಯಾರು

ಉಯಿಲಿಲ್ಲದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ: ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ. ಮೊದಲೇ ತೀರಿದ ಮಗನಿದ್ದರೆ ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ, ಮಗಳಿದ್ದರೆ ಅವಳ ಪಾಲು ಅವಳ ಮಕ್ಕಳಿಗೆ. ತಾಯಿ ಈ ಪಟ್ಟಿಯಲ್ಲಿದ್ದಾಳೆ, ತಂದೆ ಇಲ್ಲ. ತಂದೆ ಎರಡನೆಯ ವರ್ಗದವನು. ಮಗ ಸತ್ತಾಗ ಬದುಕಿರುವ ಮುದಿ ತಾಯಿಗೂ ಸೊಸೆಯಷ್ಟೇ ಪಾಲಿದೆ ಎಂಬುದು ಹಲವು ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ತಾಯಿ ಇರುವ ಮನೆಗೆ 16 ಎಕರೆ ಹಿರಿಯರ ಹೊಲ ಇದೆ ಎನ್ನಿ. ಅಪ್ಪ ತೀರಿಕೊಂಡ ಗಳಿಗೆಗೆ ತುಸು ಮೊದಲು ಪಾಲಾಗಿತ್ತೆಂದು ಕಾನೂನು ಭಾವಿಸುತ್ತದೆ. ಆಗ ಅಪ್ಪನಿಗೂ ಮೂವರು ಮಕ್ಕಳಿಗೂ ತಲಾ 4 ಎಕರೆ. ಮದ್ರಾಸ್ ಕಡೆಯ ಹಿಂದೂ ಕಾನೂನಿನಲ್ಲಿ ಪಾಲಾಗುವಾಗ ಹೆಂಡತಿಗೆ ಬೇರೆ ಪಾಲು ತೆಗೆಯುವ ರೂಢಿ ಬಹಳ ಹಿಂದೆಯೇ ನಿಂತುಹೋಗಿತ್ತು, ಹಾಗಾಗಿ ಈ ಹಂತದಲ್ಲಿ ಆಕೆಗೆ ಏನೂ ಇಲ್ಲ. ಅಪ್ಪನ 4 ಎಕರೆ ಮಾತ್ರ ವಾರಸಾಗಿ ಹೆಂಡತಿ ಮತ್ತು ಮೂವರು ಮಕ್ಕಳಿಗೆ ತಲಾ 1 ಎಕರೆಯಂತೆ ಹಂಚಿಕೆಯಾಗುತ್ತದೆ. ಕೊನೆಗೆ ಮಕ್ಕಳಿಗೆ ತಲಾ 5 ಎಕರೆ, ತಾಯಿಗೆ 1 ಎಕರೆ. ಮಗಳಿಗೂ ಮಗನಷ್ಟೇ ಎಂಬುದಷ್ಟನ್ನೇ ಕೇಳಿದವರು ಈ 1 ಎಕರೆಯನ್ನು ಗಮನಿಸುವುದಿಲ್ಲ. ವಿಧವೆಗೆ ಸ್ವಯಾರ್ಜಿತ ಆಸ್ತಿಯಲ್ಲಿ ಸಮಪಾಲು, ಹಿರಿಯರ ಆಸ್ತಿಯಲ್ಲಿ ಚೂರುಪಾಲು.

ಹೆಣ್ಣುಮಕ್ಕಳ ಪಾಲಿನ ಕಾನೂನು ಕರ್ನಾಟಕದಲ್ಲಿ ಎರಡು ಹೆಜ್ಜೆಯಲ್ಲಿ ಬದಲಾಯಿತು. ರಾಜ್ಯದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದಾಗ ಮಗಳು ಹುಟ್ಟಿನಿಂದಲೇ ಪಾಲುದಾರಳಾದಳು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪಟ್ಟಿಗಳನ್ನು ಕಾನೂನು ಮುಟ್ಟುವುದಿಲ್ಲ. ಬಿಳಿ ಕಾಗದದ ಮೇಲೆ, ಊರ ಹಿರಿಯರ ಸಮ್ಮುಖದಲ್ಲಿ ಬರೆದುಕೊಂಡ ಹಳೆಯ ಪಾಲುಪಟ್ಟಿಗಳು ಇಲ್ಲಿಯೇ ಸೋಲುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಈ ತಾಲ್ಲೂಕುಗಳ ದೊಡ್ಡದೊಂದು ಸಮುದಾಯಕ್ಕೆ ಈ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ. ಕಾಯ್ದೆಯ 2ನೇ ಕಲಮಿನ 2ನೇ ಉಪಕಲಂ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರು ಇದರ ಹೊರಗೆ. ಕೂಡ್ಲಿಗಿ, ಹರಪನಹಳ್ಳಿ ಕಡೆ ಹೆಚ್ಚಿನ ಸಂಖ್ಯೆಯಲ್ಲಿರುವ ನಾಯಕ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. ಬೇಡ, ವಾಲ್ಮೀಕಿ ಹೆಸರುಗಳು ಆ ಪಟ್ಟಿಗೆ ಸೇರಿದ್ದು 1991ರಲ್ಲಿ. ಅಂದರೆ ನಾಯಕರ ಮನೆಯ ಮಗಳ ಹಕ್ಕನ್ನು ನೋಡುವಾಗ ಮೇಲಿನ ತಾರೀಖುಗಳಿಗಿಂತ ಸಮುದಾಯದ ರೂಢಿ ಏನಿತ್ತು ಎಂಬುದೇ ಮೊದಲ ಪ್ರಶ್ನೆ. ಛತ್ತೀಸಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿಯನ್ನು ಯಾರೂ ಸಾಬೀತು ಮಾಡದಿದ್ದರೆ ಸಮಾನತೆಯ ತತ್ವದಂತೆ ಆಕೆಗೂ ಪಾಲು ಸಲ್ಲಬೇಕು ಎಂದಿತು. ಕಂದಾಯ ಕಚೇರಿಯ ವಂಶವೃಕ್ಷದ ನಮೂನೆ ಮಾತ್ರ ಎಲ್ಲರಿಗೂ ಒಂದೇ. ವ್ಯತ್ಯಾಸ ಎದ್ದು ಕಾಣುವುದು ಸಿವಿಲ್ ಕೋರ್ಟಿನಲ್ಲಿ.

ಲಂಬಾಣಿಗರ ಸ್ಥಿತಿ ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ಆದ್ದರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆ ಪೂರ್ತಿ ಅನ್ವಯ. ಆಂಧ್ರದಲ್ಲಿ ಅವರೇ ಪರಿಶಿಷ್ಟ ಪಂಗಡ, ಕಾಯ್ದೆ ಅನ್ವಯಿಸದು. 1953ರವರೆಗೆ ರಾಯದುರ್ಗವೂ ಕೂಡ್ಲಿಗಿಯೂ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಇಂದು ಅಲ್ಲಿನ ತಾಂಡಾದ ಮಗಳಿಗೂ ಇಲ್ಲಿನ ತಾಂಡಾದ ಮಗಳಿಗೂ ಒಂದೇ ಕಾನೂನಿಲ್ಲ.

ಹೆಂಗಸು ತೀರಿಕೊಂಡಾಗ ಆಕೆಯ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಮಕ್ಕಳಿಲ್ಲದಿದ್ದರೆ, ತವರಿನಿಂದ ಬಂದದ್ದು ತಂದೆಯ ವಾರಸುದಾರರಿಗೆ, ಗಂಡ ಅಥವಾ ಮಾವನಿಂದ ಬಂದದ್ದು ಗಂಡನ ವಾರಸುದಾರರಿಗೆ ಹಿಂದಿರುಗುತ್ತದೆ. ದೇವದಾಸಿ ಪದ್ಧತಿ ಬೇರುಬಿಟ್ಟಿದ್ದ ಈ ಸೀಮೆಯಲ್ಲಿ ಮತ್ತೊಂದು ಪ್ರಶ್ನೆ ಬರುತ್ತದೆ. 1982ರ ರಾಜ್ಯ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಆದರೆ ಅದಕ್ಕೆ ಮೊದಲೂ ಆಮೇಲೂ ಹುಟ್ಟಿದ ಮಕ್ಕಳ ತಂದೆಯ ಕಾಲಂ ಖಾಲಿಯೇ ಉಳಿಯಿತು. ತಾಯಿಯ ಹೆಸರಿನ ಮನೆ, ಹೊಲ, ಠೇವಣಿ ಆ ಮಕ್ಕಳಿಗೆ ಬರಲು ಅದು ಅಡ್ಡಿಯಲ್ಲ: ವಿವಾಹದ ಹೊರಗೆ ಹುಟ್ಟಿದ ಮಕ್ಕಳು ತಾಯಿಗೆ ಸಂಬಂಧಿಗಳೇ ಎಂದು 1956ರ ಕಾಯ್ದೆಯೇ ಹೇಳುತ್ತದೆ. ವಂಶವೃಕ್ಷವನ್ನು ತಾಯಿಯಿಂದ ಆರಂಭಿಸಿ ಬರೆಸಬೇಕು. ತಂದೆಯ ಗುರುತು ಮತ್ತು ಆಸ್ತಿಯ ಹಕ್ಕಿನ ಪ್ರಶ್ನೆಯನ್ನು 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಕಾಯ್ದೆ ಕೈಗೆತ್ತಿಕೊಂಡಿದೆ.

ಮುಸ್ಲಿಂ ಕುಟುಂಬಗಳಿಗೆ ಷರೀಯತ್ತಿನ ಪಾಲುಗಳು. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲಿನಲ್ಲಿ ಬರೆಯುವಂತಿಲ್ಲ.

ಪೌತಿ ಖಾತೆ

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ, ವಾರಸಿನಿಂದ ಜಮೀನಿನ ಹಕ್ಕು ಬಂದವರು ಮೂರು ತಿಂಗಳೊಳಗೆ ಅದನ್ನು ವರದಿ ಮಾಡಬೇಕು. ಹೀಗೆ ಸತ್ತವರ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದೇ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಕೊಟ್ಟು ಅರ್ಜಿ ಹಾಕಿದ ಮೇಲೆ ಹಿತಾಸಕ್ತರಿಗೆ ನೋಟಿಸ್ ಹೋಗುತ್ತದೆ, ಚಾವಡಿಯಲ್ಲಿ ಅಂಟಿಸುತ್ತಾರೆ. ನಿಗದಿತ ಅವಧಿಯೊಳಗೆ ತಕರಾರು ಬರದಿದ್ದರೆ ಮ್ಯುಟೇಶನ್ ಪ್ರಮಾಣೀಕರಣವಾಗಿ ಪಹಣಿಯಲ್ಲಿ ಹೊಸ ಹೆಸರುಗಳು ಬರುತ್ತವೆ. ತಕರಾರು ಬಂದರೆ ಅದು ತಕರಾರು ವಹಿಗೆ ಹೋಗಿ ವಿಚಾರಣೆಯಾಗುತ್ತದೆ. ಆದೇಶ ಒಪ್ಪದವರು 136ನೇ ಕಲಮಿನಂತೆ ಉಪವಿಭಾಗಾಧಿಕಾರಿಗೆ 60 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಮತ್ತು ಹರಪನಹಳ್ಳಿ ಎಂಬ ಎರಡು ಉಪವಿಭಾಗಗಳಿವೆ. ಆಮೇಲಿನ ದಾರಿ ಜಿಲ್ಲಾಧಿಕಾರಿಯ ಪುನರ್‌ಪರಿಶೀಲನೆ. 2021ರಲ್ಲಿ ಜಿಲ್ಲೆ ಬೇರೆಯಾಗುವವರೆಗೆ ಹಡಗಲಿಯವರು ಅದಕ್ಕಾಗಿ ಬಳ್ಳಾರಿಯವರೆಗೆ ಹೋಗಬೇಕಿತ್ತು, ಈಗ ಹೊಸಪೇಟೆ ಸಾಕು.

ಪೌತಿಯಿಂದ ಆಗುವುದು ಸಾಮಾನ್ಯವಾಗಿ ಜಂಟಿ ಖಾತೆ. ಎಲ್ಲ ವಾರಸುದಾರರ ಹೆಸರೂ ಒಂದೇ ಪಹಣಿಯಲ್ಲಿ ಕೂರುತ್ತವೆ, ಹೊಲ ಒಡೆಯುವುದಿಲ್ಲ. ಹಿರಿಯ ಮಗನೊಬ್ಬನ ಹೆಸರಿಗೇ ಮಾಡಿಸುವ ಹಳೆಯ ರೂಢಿಯೇ ಅರ್ಧ ವ್ಯಾಜ್ಯಗಳ ಮೂಲ. ಪಹಣಿಯಲ್ಲಿ ಒಬ್ಬನೇ ಇದ್ದರೂ ಉಳಿದವರ ಹಕ್ಕು ಅಳಿಯದು. ಕಾಯ್ದೆಯ 133ನೇ ಕಲಂ ಪಹಣಿಯ ನಮೂದನ್ನು ವಿರುದ್ಧ ಸಾಬೀತಾಗುವವರೆಗೆ ನಿಜವೆಂದು ಭಾವಿಸುತ್ತದೆ ಅಷ್ಟೆ. ಮಾಲೀಕತ್ವ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯದ ಕೆಲಸ. ಅಕ್ಕತಂಗಿಯರು ನಿಜವಾಗಿಯೇ ತಮ್ಮ ಪಾಲು ಬೇಡವೆಂದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಪೌತಿ ಅರ್ಜಿಗೆ ಲಗತ್ತಿಸಿದ ‘ಅಭ್ಯಂತರವಿಲ್ಲ’ ಎಂಬ ಒಪ್ಪಿಗೆಯ ಹಾಳೆಯಿಂದ ಪಾಲು ಬಿಟ್ಟಂತಾಗುವುದಿಲ್ಲ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ ಹಾಳೆಗಳ ಬೆಲೆಯೂ ಅಷ್ಟೇ.

ಪೌತಿ ಮಾಡಿಸದಿದ್ದರೆ ಏನಾಗುತ್ತದೆ ಎಂಬುದು ಬರ ಬಂದ ವರ್ಷ ಗೊತ್ತಾಗುತ್ತದೆ. ಬೆಳೆ ಪರಿಹಾರ, ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ ಎಲ್ಲವೂ ಈಗ ರೈತರಿಗೆ ಕೊಡುವ ಫ್ರೂಟ್ಸ್ ಗುರುತಿನ ಸಂಖ್ಯೆಗೆ ಜೋಡಣೆಯಾಗಿವೆ, ಆ ಸಂಖ್ಯೆ ಪಹಣಿಯ ಹೆಸರಿಗೆ. ಮೆಕ್ಕೆಜೋಳ ಒಣಗಿದ್ದು ಮೊಮ್ಮಗನ ಬೆವರಿನದ್ದಾದರೂ ಪಹಣಿಯಲ್ಲಿರುವ ಅಜ್ಜನ ಖಾತೆಗೆ ಹಣ ಹಾಕಲು ಅಜ್ಜನಿಲ್ಲ. ಪಿಎಂ ಕಿಸಾನ್ ಯೋಜನೆಯಲ್ಲಿ 2019ರ ಫೆಬ್ರುವರಿ 1ರ ನಂತರ ಜಮೀನು ಪಡೆದವರಿಗೆ ಹಣವಿಲ್ಲ ಎಂಬ ಷರತ್ತಿದೆ, ಆದರೆ ಮರಣದಿಂದ ವಾರಸಾಗಿ ಬಂದ ಜಮೀನಿಗೆ ವಿನಾಯಿತಿ ಇದೆ. ಅದನ್ನು ಪಡೆಯಲೂ ಪೌತಿ ಆಗಿರಬೇಕು. ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಆರಂಭಿಸಿ ಗ್ರಾಮ ಆಡಳಿತಾಧಿಕಾರಿಗಳನ್ನು ವಾರಸುದಾರರ ಮನೆ ಬಾಗಿಲಿಗೇ ಕಳಿಸತೊಡಗಿದ್ದು ಈ ಕಾರಣಕ್ಕೆ.

ತಾತನ ಹೆಸರಿನಲ್ಲಿಯೇ ಉಳಿದ ಪಹಣಿಗೆ ಒಂದು ಸಾವಿನ ಕಾಗದ ಸಾಲದು. ತಾತ, ಅವನ ನಾಲ್ವರು ಮಕ್ಕಳು, ತೀರಿಹೋದ ಇಬ್ಬರ ಮಕ್ಕಳು, ಹೀಗೆ ಪ್ರತಿ ಕೊಂಬೆಯ ಮರಣ ಪ್ರಮಾಣಪತ್ರವನ್ನೂ ಕೂಡಿಸಬೇಕು. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಹೊಸ ಜಾಗದಲ್ಲಿ ನೆಲೆಗೊಂಡ ಮನೆತನಗಳಲ್ಲಿ ಈ ಕೂಡಿಸುವಿಕೆ ಇನ್ನೂ ಕಷ್ಟ. ಹರಪನಹಳ್ಳಿಯವರದು ಬೇರೆಯೇ ಪಾಡು: ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹಳೆಯ ಮೇಲ್ಮನವಿಯ ಆದೇಶ ಬೇಕಾದವರು ಅದರ ಇಸವಿ ನೋಡಿಕೊಂಡು ಯಾವ ಊರಿನ ಬಸ್ಸು ಹಿಡಿಯಬೇಕೆಂದು ತೀರ್ಮಾನಿಸಬೇಕು.

ಊರೊಳಗಿನ ಮನೆ, ಕಣದ ಜಾಗ ಪಹಣಿಯಲ್ಲಿ ಇರುವುದಿಲ್ಲ. ಅದಕ್ಕೆ ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು, ಪಟ್ಟಣವಾದರೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಇ-ಖಾತೆ. ಕಾಗದಗಳು ಅವೇ, ಅರ್ಜಿ ಬೇರೆ.

ಬ್ಯಾಂಕು, ವಿಮೆ, ಸಾಲ

ನಾಮಿನಿ ಇದ್ದರೆ ಬ್ಯಾಂಕು ಹಣವನ್ನು ಅವರ ಕೈಗೆ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆ. ನಾಮಿನಿ ಮಾಲೀಕನಾಗುವುದಿಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವನು ಅಷ್ಟೆ. ಸುಪ್ರೀಂ ಕೋರ್ಟ್ ಇದನ್ನು 1983ರಲ್ಲಿ ವಿಮೆಯ ವಿಷಯದಲ್ಲಿ, 2023ರಲ್ಲಿ ಷೇರುಗಳ ವಿಷಯದಲ್ಲಿ ಹೇಳಿದೆ. 2015ರ ತಿದ್ದುಪಡಿಯ ನಂತರ ಜೀವವಿಮೆಯಲ್ಲಿ ಮಾತ್ರ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಹಣ ಅವರದೇ ಆಗುತ್ತದೆ.

ನಾಮಿನಿಯೂ ಇಲ್ಲ, ಉಯಿಲೂ ಇಲ್ಲ ಎಂದಾಗ ಬ್ಯಾಂಕಿನವರು ಹಿಂದೆ ಸಣ್ಣ ಮೊತ್ತಕ್ಕೂ ‘ಕೋರ್ಟಿನಿಂದ ತನ್ನಿ’ ಎನ್ನುತ್ತಿದ್ದದ್ದುಂಟು. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ತಕರಾರಿಲ್ಲದಿದ್ದರೆ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿಯವರೆಗೆ ಸರಳ ವಿಧಾನದಲ್ಲೇ ಕೊಡಬೇಕು, ಕಾಗದಗಳೆಲ್ಲ ಬಂದ 15 ದಿನಗಳೊಳಗೆ ಇತ್ಯರ್ಥ ಮಾಡಬೇಕು. ಇದನ್ನು ಜಾರಿಗೆ ತರಲು ಕೊಟ್ಟ ಗಡುವು 2026ರ ಮಾರ್ಚ್ 31.

ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಅಥವಾ ವಾರಸುದಾರರು ಜಗಳವಾಡುತ್ತಿದ್ದರೆ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗಬಹುದು. ಇದನ್ನು ಪ್ರೊಬೇಟ್ ಎಂದು ತಪ್ಪು ತಿಳಿಯುವವರು ವಕೀಲರ ಗುಮಾಸ್ತರಲ್ಲೂ ಇದ್ದಾರೆ. ಉಯಿಲಿಲ್ಲದಿದ್ದಾಗ ಸತ್ತವರಿಗೆ ಬರಬೇಕಾದ ಸಾಲ, ಠೇವಣಿ, ಷೇರುಗಳನ್ನು ವಸೂಲಿ ಮಾಡಲು 1925ರ ಕಾಯ್ದೆಯ 10ನೇ ಭಾಗದಂತೆ ಕೋರ್ಟು ಕೊಡುವ ಪತ್ರ ಇದು. ಹೊಲಮನೆಗೆ ಇದು ಸಲ್ಲದು. ಅರ್ಜಿಯಲ್ಲಿ ಪ್ರತಿ ಖಾತೆಯ ಸಂಖ್ಯೆ, ಮೊತ್ತ, ಎಲ್ಲ ಹತ್ತಿರದ ಸಂಬಂಧಿಗಳ ವಿಳಾಸ ಬರೆಯಬೇಕು. ಕೋರ್ಟ್ ಶುಲ್ಕ ಮೊತ್ತವನ್ನು ಅವಲಂಬಿಸಿದೆ. ಒಂದು ಖಾತೆ ಬಿಟ್ಟುಹೋದರೆ ಮತ್ತೆ ಅರ್ಜಿ ಹಾಕಬೇಕಾಗುವುದರಿಂದ ಸೊಸೈಟಿಯ ಷೇರು, ಅಂಚೆ ಕಚೇರಿಯ ಪುಸ್ತಕ ಎಲ್ಲವನ್ನೂ ಮೊದಲೇ ಹುಡುಕಿ ಪಟ್ಟಿ ಮಾಡಿಕೊಳ್ಳುವುದು ಲೇಸು.

ಸಾಲ ಬಿಟ್ಟು ಹೋದವರ ಮಕ್ಕಳಿಗೆ ಒಂದು ಧೈರ್ಯವನ್ನು ಕಾನೂನು ಕೊಟ್ಟಿದೆ. ಅಪ್ಪನ ಸಾಲವನ್ನು ತೀರಿಸುವ ಧಾರ್ಮಿಕ ಹೊಣೆ ಎಂಬ ಹಳೆಯ ತತ್ವವನ್ನು 2005ರ ತಿದ್ದುಪಡಿ ಮುಂದಿನ ಸಾಲಗಳಿಗೆ ತೆಗೆದುಹಾಕಿತು. ಮಕ್ಕಳು ತಾವೇ ಜಾಮೀನು ಹಾಕಿರದಿದ್ದರೆ ಅವರ ಹೊಣೆ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಸ್ವಂತ ದುಡಿಮೆಯ ಆಸ್ತಿಗೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಹಾಗೆಂದು ಹೊಲದ ಮೇಲಿನ ಅಡಮಾನ ಸಾವಿನಿಂದ ಕಳಚುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಅದು ಹಾಗೆಯೇ ಮುಂದುವರಿಯುತ್ತದೆ.

ಉಯಿಲು ಇದ್ದರೆ

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಮಾಡಿಸಿದರೆ ಕಳೆದುಹೋಗುವ, ತಿದ್ದುವ ಭಯ ತಪ್ಪುತ್ತದೆ, ಆದರೆ ನೋಂದಣಿಯಾದ ಮಾತ್ರಕ್ಕೆ ಉಯಿಲು ಸಾಬೀತಾದಂತಲ್ಲ. ಕೋರ್ಟಿನಲ್ಲಿ ಕನಿಷ್ಠ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ಹಾಗಾಗಿ ಬರೆಯುವವರಿಗಿಂತ ಮುದುಕರಾದವರನ್ನು ಸಾಕ್ಷಿ ಹಾಕಿಸುವುದು ಜಾಣತನವಲ್ಲ.

ಉಯಿಲನ್ನು ಕೋರ್ಟು ಹೇಗೆ ನೋಡುತ್ತದೆ ಎಂಬುದಕ್ಕೆ ಇಡೀ ದೇಶ ಇಂದಿಗೂ ಆಧಾರವಾಗಿ ಹಿಡಿಯುವ ತೀರ್ಪು ಮೈಸೂರಿನ ಪ್ರಕರಣವೊಂದರದು: ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ.ಎನ್. ತಿಮ್ಮಾಜಮ್ಮ ನಡುವಿನದು. 1958ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರ್ ಬರೆದ ಆ ತೀರ್ಪಿನ ಸಾರ ಇಷ್ಟು: ಉಯಿಲಿನ ಸುತ್ತ ಅನುಮಾನದ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದು, ಅದರಿಂದ ಲಾಭ ಪಡೆಯುವವರೇ ಅದನ್ನು ಬರೆಸಲು ಮುಂದೆ ನಿಂತಿದ್ದರೆ ಅದೇ ದೊಡ್ಡ ಅನುಮಾನ. ಹಾಸಿಗೆ ಹಿಡಿದ ಹಿರಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಬ್ಬ ಮಗ ಮಾತ್ರ ಹೋಗಿಬಂದ ಉಯಿಲುಗಳು ಈ ಒರೆಗಲ್ಲಿನ ಮೇಲೆ ನಿಲ್ಲುವುದು ಕಷ್ಟ.

ಉಯಿಲು ಬರೆಯುವವರು ತಮ್ಮ ಪಾಲನ್ನಷ್ಟೇ ಬರೆಯಬಹುದು. ಮೇಲಿನ 16 ಎಕರೆ ಲೆಕ್ಕದಲ್ಲಿ ಅಪ್ಪನ ಉಯಿಲು ನಡೆಯುವುದು 4 ಎಕರೆಗೆ. ಭೂಸುಧಾರಣೆಯಲ್ಲಿ ಗೇಣಿದಾರನಾಗಿ ಬಂದ ಜಮೀನಿಗೆ ಇನ್ನೊಂದು ಮಿತಿ ಇದೆ: ಕುಟುಂಬದ ಹೊರಗಿನವರಿಗೆ ಅದನ್ನು ಉಯಿಲಿನಲ್ಲಿ ಬರೆದರೂ ಅದು ಭೂಸುಧಾರಣಾ ಕಾಯ್ದೆ ನಿಷೇಧಿಸಿದ ವರ್ಗಾವಣೆಯೇ ಎಂದು ಕರ್ನಾಟಕದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಉಯಿಲಿನ ಆಧಾರದ ಮೇಲೆ ಖಾತೆ ಕೇಳಿದಾಗ ಉಳಿದ ವಾರಸುದಾರರು ಒಪ್ಪಿದರೆ ಕೆಲಸ ಮುಗಿಯುತ್ತದೆ. ತಕರಾರು ತೆಗೆದರೆ, ಉಯಿಲು ನಿಜವೇ ಎಂದು ತಹಶೀಲ್ದಾರರು ತೀರ್ಮಾನಿಸುವಂತಿಲ್ಲ. ಆಗ ಎರಡು ದಾರಿ. ಒಂದು, ಹಕ್ಕು ಘೋಷಣೆಗೆ ಸಿವಿಲ್ ದಾವೆ. ಇನ್ನೊಂದು, ಕಡ್ಡಾಯವಿಲ್ಲದಿದ್ದರೂ ಪ್ರೊಬೇಟ್. ಆಸ್ತಿ ಹಲವು ಊರುಗಳಲ್ಲಿದ್ದರೆ, ಉಯಿಲಿನಲ್ಲಿ ನಿರ್ವಾಹಕನ ನೇಮಕ ಇದ್ದರೆ, ಕಂಪನಿಗಳು ಪಟ್ಟು ಹಿಡಿದರೆ ಎರಡನೆಯದು ಅನುಕೂಲ.

ಪ್ರೊಬೇಟ್ ಕೇಳಲು ಉಯಿಲಿನಲ್ಲಿ ಹೆಸರಿಸಿದ ನಿರ್ವಾಹಕನಿಗಷ್ಟೇ ಹಕ್ಕು. ನಿರ್ವಾಹಕನ ಹೆಸರೇ ಇಲ್ಲದಿದ್ದರೆ ಅಥವಾ ಅವನು ಒಲ್ಲೆನೆಂದರೆ, ಉಯಿಲು ಲಗತ್ತಿಸಿದ ಆಡಳಿತ ಪತ್ರವನ್ನು ಕೇಳಬೇಕು. ಅರ್ಜಿ ಜಿಲ್ಲಾ ನ್ಯಾಯಾಧೀಶರಿಗೆ. ಜೊತೆಗೆ ಮೂಲ ಉಯಿಲು, ಆಸ್ತಿಯ ಮೌಲ್ಯದ ಪಟ್ಟಿ, ಸಾಧ್ಯವಾದರೆ ಸಾಕ್ಷಿಯೊಬ್ಬರ ದೃಢೀಕರಣ. ಹತ್ತಿರದ ಸಂಬಂಧಿಗಳಿಗೆ ನೋಟಿಸ್ ಹೋಗುತ್ತದೆ, ಕೋರ್ಟು ಮತ್ತು ಜಿಲ್ಲಾಧಿಕಾರಿ ಕಚೇರಿಯಲ್ಲಿ ಪ್ರಕಟಣೆ ಹಾಕುತ್ತಾರೆ. ಉಯಿಲಿನ ಬಗ್ಗೆ ಗುಮಾನಿ ಇರುವವರು ಮೊದಲೇ ಕೇವಿಯಟ್ ಹಾಕಿಡಬಹುದು. ತೀರಿಕೊಂಡು 7 ದಿನ ಕಳೆಯುವ ಮುನ್ನ ಪ್ರೊಬೇಟ್, 14 ದಿನ ಕಳೆಯುವ ಮುನ್ನ ಆಡಳಿತ ಪತ್ರ ಕೊಡುವಂತಿಲ್ಲ ಎಂಬ ನಿಯಮ ಓದಿ ಕೆಲಸ ವಾರದಲ್ಲಿ ಮುಗಿಯುತ್ತದೆಂದು ಯಾರೂ ತಿಳಿಯಬಾರದು. ಯಾರಾದರೂ ವಿರೋಧಿಸಿದರೆ ಅರ್ಜಿಯೇ ದಾವೆಯಾಗಿ ಬದಲಾಗಿ ವರ್ಷಗಳು ಹಿಡಿಯುತ್ತವೆ. ಪತ್ರ ಕೈಗೆ ಬಂದ ಮೇಲೆ ನಿರ್ವಾಹಕ 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಒಪ್ಪಿಸಬೇಕು. ಪ್ರೊಬೇಟ್ ಉಯಿಲು ನಿಜವೆಂದು ಹೇಳುತ್ತದೆ, ಅದರಲ್ಲಿ ಬರೆದ ಹೊಲ ಬರೆದವರದೇ ಆಗಿತ್ತು ಎಂದು ಹೇಳುವುದಿಲ್ಲ.

ಜಗಳ ಬಂದಾಗ

ಪಾಲಿನ ದಾವೆಗೆ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟುವುದು ಒಳ್ಳೆಯದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಲೋಕ ಅದಾಲತ್ತಿನಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ, ಬಾಕಿ ಇರುವ ದಾವೆಯಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು. ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಅವರ ಪಾಲನ್ನು ಮಾರಲು ತಾಯಿಯೂ ಸಾಮಾನ್ಯವಾಗಿ ಕೋರ್ಟಿನ ಅನುಮತಿ ಪಡೆಯಬೇಕು. ಗುಳೆ ಹೋದವನ ಸುಳಿವು 7 ವರ್ಷ ಸಿಗದಿದ್ದರೆ ತೀರಿಕೊಂಡನೆಂದು ಭಾವಿಸಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ, ಅದನ್ನು ಸಿವಿಲ್ ಕೋರ್ಟಿನಿಂದ ಘೋಷಿಸಿಕೊಳ್ಳಬೇಕು. ಆ ದಾವೆಯಲ್ಲಿ ಕಾಣೆಯಾದಾಗ ಠಾಣೆಗೆ ಕೊಟ್ಟ ದೂರಿನ ನಕಲು ಬಹುಮುಖ್ಯ ಸಾಕ್ಷ್ಯವಾಗುವುದರಿಂದ ದೂರನ್ನು ಆಗಲೇ ಕೊಟ್ಟಿರಬೇಕು.

ಎಲ್ಲರೂ ಒಪ್ಪಿ ಪಾಲು ಮಾಡಿಕೊಂಡರೆ ನೋಂದಾಯಿತ ವಿಭಾಗ ಪತ್ರ ಆಗಬೇಕು. ಸರ್ವೆ ನಂಬರನ್ನು ಒಡೆಯಲು ಅದಕ್ಕೂ ಮೊದಲು ಭೂಮಾಪಕರಿಂದ 11-ಇ ನಕ್ಷೆ ಮಾಡಿಸಬೇಕು. ನಕ್ಷೆಗೆ ಶುಲ್ಕ ಕಟ್ಟಿ, ಸರ್ವೆಯವರು ಹೊಲಕ್ಕೆ ಬಂದು ಅಳೆದು ಹೋದ ಮೇಲೆ ನೋಂದಣಿ, ನೋಂದಣಿಯ ಮೇಲೆ ಮ್ಯುಟೇಶನ್, ಅದಾದ ಮೇಲೆ ಪೋಡಿಯಾಗಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಹಿಸ್ಸಾ ನಂಬರಿನ ಪಹಣಿ.